ಇನ್ನೊಬ್ಬ ಶೆಟ್ಟಿಗೆ ಸಂದ ನಮಸ್ಕಾರ

ಅಲ್ ಮವಾಲೇಹ್, ಮಸ್ಕತ್
ಬುಧವಾರ, ಫೆಬ್ರವರಿ 12, 2025

ನಿಶ್ಮಿತಾಳ ಅಪ್ಪನಿಗೆ,

ನಿಮ್ಮ ದಮಯಂತಿ ಮಾಡುವ ನಮಸ್ಕಾರ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ನಮಸ್ಕಾರ ಎಂಬ ಶಬ್ದ ಕೇಳಿದರೇ ಈಚೆಗೆ ನನಗೆ ಕಸಿವಿಸಿಯಾಗುತ್ತದೆ. ನಾವಿಲ್ಲಿ ಕ್ಷೇಮ. ನೀವು ಕ್ಷೇಮವಾಗಿದ್ದೀರಿ ಎನ್ನುವುದನ್ನು ಎಲ್ಲರ ಹಾಗೆ ನಾನೂ ವಿಡಿಯೋದಲ್ಲಿ ನೋಡಿದ್ದೇನೆ. ಹೊಸ ಕೋಟು ಭುಜದ ಹತ್ತಿರ ಸ್ವಲ್ಪ ದೊಡ್ಡದಾಯಿತು.

ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ನಿಮ್ಮ ಜೊತೆ ಮಾತಾಡಿ ಗೆಲ್ಲಲು ನನ್ನಿಂದಾಗುವುದಿಲ್ಲ. ನಾನು ಒಂದು ಮಾತು ಎತ್ತಿದರೆ ನೀವು ಹತ್ತು ಮಾತು ಹೇರಿ ಅದನ್ನು ಮುಚ್ಚಿಹಾಕುತ್ತೀರಿ, ಅದೂ ಸಾಲದೆ ಹೋದರೆ ದುಕ್ಮಿನ ಸೈಟಿನಲ್ಲಿ ನೆಟ್‌ವರ್ಕ್ ಇಲ್ಲ ಅನ್ನುತ್ತೀರಿ. ರಜೆಗೆ ಮನೆಗೆ ಬಂದಾಗ ಹೇಳೋಣ ಅಂದರೆ, ಆ ಸಮಾರಂಭ ಆದಮೇಲೆ ನೀವು ಮನೆಯ ಕಡೆ ತಲೆಯೇ ಹಾಕಿಲ್ಲ, ಕೆಲಸ ಹೆಚ್ಚಂತೆ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕೂತುಕೊಂಡು ಪೂರ್ತಿ ಓದಿ.

ಶಿರಾಗಾಕಿಯವರಿಂದಲೇ ಶುರುಮಾಡುತ್ತೇನೆ. ಅವರನ್ನು ಈ ಮನೆಯ ಊಟದ ಮೇಜಿಗೆ ತಂದು ಕೂರಿಸಿದವರು ನೀವು. ನಮ್ಮ ಮುಲ್ಕಿ ಕಡೆಯ ಶಾಸಕ ಯಾರೆಂದು ಕೇಳಿದರೆ ನಿಶ್ಮಿತಾ ಕಣ್ಣು ಕಣ್ಣು ಬಿಡುತ್ತಾಳೆ. ಶಿರಾಗಾಕಿ ನೊಬುಹಿಕೊ ಎಲ್ಲಿ ಹುಟ್ಟಿದರು ಎಂದು ಕೇಳಿ, ಪಟಪಟನೆ ಹೇಳುತ್ತಾಳೆ. ಜಪಾನಿನ ಉತ್ತರದ ತಣ್ಣನೆಯ ಕಡಲ ದಡದಲ್ಲಿ ಮೀನುಗಾರರ ಒಂದು ಊರು. ದೋಣಿಯಲ್ಲಿ ಹೋದ ಅಪ್ಪ ವಾಪಸು ಬರಲಿಲ್ಲ. ಅಮ್ಮ ಬಂದರಿನಲ್ಲಿ ಬೊಂಡಾಸು ಮೀನು ಕೊಯ್ದು ಶುಚಿಮಾಡಿ ಮಗನನ್ನು ಎಂಜಿನಿಯರ್ ಮಾಡಿದರು. ನಾನು ಬೊಂಡಾಸು ತಂದ ದಿನವೆಲ್ಲ ನೀವು ಆ ತಾಯಿಯನ್ನು ನೆನೆಯದೆ ತುತ್ತು ಎತ್ತುತ್ತಿರಲಿಲ್ಲ. ನನ್ನ ಅತ್ತೆಯನ್ನು ಅಷ್ಟು ಸಲ ನೆನೆದದ್ದನ್ನು ನಾನು ಕಾಣೆ.

ಆಮೇಲೆ ಅವರು ಒಮಾನಿಗೆ ಬಂದರು, ನಿಮ್ಮ ಹಳೇ ಕಂಪನಿಯ ಮಸ್ಕತ್ ಆಫೀಸಿಗೆ ದೊಡ್ಡ ಮ್ಯಾನೇಜರ್ ಆಗಿ. ದುಕ್ಮ್ ಆಗ ಬರೀ ಮರಳು, ಗಾಳಿ ಮತ್ತು ಕಂಟೇನರ್ ಮನೆಗಳು. ನೀವು ಅಲ್ಲಿ ಕ್ಯಾಂಪ್ ಬಾಸ್, ಕೆಲಸಗಾರರ ಊಟ, ಮಲಗುವ ಜಾಗ, ಬಸ್ಸು ಎಲ್ಲ ನಿಮ್ಮ ಉಸ್ತುವಾರಿ. ಅವರು ಯಾವಾಗಲೋ ಒಮ್ಮೆ ಸೈಟಿಗೆ ಬಂದು ಹೋಗುತ್ತಿದ್ದರು, ನೀವು ದೂರದಿಂದ ಸಲಾಮು ಹೊಡೆಯುತ್ತಿದ್ದಿರಿ. ಪರಿಚಯ ಎಂದರೆ ಅಷ್ಟೇ. ಅಷ್ಟರಿಂದಲೇ ನೀವು ಇಷ್ಟು ವರ್ಷ ಕಥೆ ನೇಯ್ದಿರಿ.

ಜಪಾನಿಗೆ ವಾಪಸು ಹೋದಮೇಲೆ ಅವರು ಸಂಸದರೊಬ್ಬರ ಒಬ್ಬಳೇ ಮಗಳನ್ನು ಮದುವೆಯಾದರು. ಇವಾಸೆ ಎಂಬ ತನ್ನ ಮನೆ ಹೆಸರು ಬಿಟ್ಟು ಹೆಂಡತಿಯ ಮನೆ ಹೆಸರು ಇಟ್ಟುಕೊಂಡರು, ಮಾವನ ಕ್ಷೇತ್ರವೂ ಅವರ ಕೈಗೆ ಬಂತು. ಆಫೀಸಿನಲ್ಲಿ ಎಲ್ಲರೂ ನಕ್ಕರು ಎಂದು ನೀವು ಹೇಳಿದಾಗ ನನ್ನ ಅಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಅದರಲ್ಲಿ ನಗುವುದಕ್ಕೆ ಎಂತ ಉಂಟು, ನಮ್ಮಲ್ಲಿಯೂ ಮನೆ ಹೆಣ್ಣಿನದ್ದೇ ಅಲ್ಲವಾ ಎಂದರು. ಅಳಿಯಸಂತಾನದವರಿಗೆ ಜಪಾನು ಅಷ್ಟೇನೂ ದೂರವಲ್ಲ ಎಂದು ನೀವು ಎಲ್ಲರನ್ನೂ ನಗಿಸಿದಿರಿ. ನಾನೂ ನಕ್ಕಿದ್ದೆ.

ಮೊದಲ ಚುನಾವಣೆಯಲ್ಲಿ ಅವರು ಸೋತರು. ಆಮೇಲೆ ದಿನಾ ಬೆಳಿಗ್ಗೆ ರೈಲು ನಿಲ್ದಾಣದ ಮೆಟ್ಟಿಲ ಬಳಿ ಹಿಮದಲ್ಲಿ ನಿಂತು ಕೆಲಸಕ್ಕೆ ಹೋಗುವವರಿಗೆಲ್ಲ ತಲೆ ಬಗ್ಗಿಸಿದರು. ಅಲ್ಲಿ ಚುನಾವಣೆಗೆ ನಿಂತವರು ಕೆಂಪು ಗೊಂಬೆಗೆ ಒಂದು ಕಣ್ಣು ಬರೆದಿಟ್ಟು, ಗೆದ್ದಮೇಲೆ ಇನ್ನೊಂದು ಬರೆಯುತ್ತಾರೆ ಎಂದು ಎಲ್ಲೋ ಕೇಳಿಕೊಂಡು ಬಂದು, ನೀವು ನಿಶ್ಮಿತಾಳ ಗೊಂಬೆಯ ಒಂದು ಕಣ್ಣು ಕಿತ್ತಿರಿ, ಮಗು ದಿನವಿಡೀ ಅತ್ತಿತು. ಅವರು ಗೆದ್ದ ದಿನ ನಾನು ಹೆಸರುಬೇಳೆ ಪಾಯಸ ಮಾಡಿ ಕೆಳಗಿನ ಮನೆಯ ನಝೀರಾಳಿಗೂ ಕೊಟ್ಟರೆ, ಯಾರ ಮದುವೆ ನಿಶ್ಚಯವಾಯಿತು ಎಂದು ಅವಳು ಕೇಳಿದಳು. ಅವರು ಮಂತ್ರಿಯಾದರು. ಕೈಕೆಳಗಿನವರು ಏನೋ ವರದಿ ತಿದ್ದಿದ್ದಕ್ಕೆ ಹೊಣೆ ಹೊತ್ತು, ಟಿವಿಯ ಎದುರು ಸೊಂಟ ಬಗ್ಗಿಸಿ ನಿಂತು, ಕುರ್ಚಿ ಬಿಟ್ಟುಕೊಟ್ಟರು. ಆ ದಿನ ನಿಮಗೆ ಊಟ ಸೇರಲಿಲ್ಲ. ತಪ್ಪು ಒಪ್ಪಿಕೊಳ್ಳುವ ಗಂಡಸು ಎಂದರೆ ಹೀಗಿರಬೇಕು ಎಂದು ಮಗಳಿಗೆ ಪಾಠ ಹೇಳಿದಿರಿ.

ಕಳೆದ ವರ್ಷ ಅವರು ಮತ್ತೆ ಎದ್ದುಬಂದು ವಿರೋಧ ಪಕ್ಷದ ನಾಯಕರಾದರು. ಆ ದಿನ ಅವರು ಮಾಡಿದ ಭಾಷಣವನ್ನು ನಿಶ್ಮಿತಾ ಫೋನಿನಲ್ಲಿ ಹಾಕಿ, ಕೆಳಗೆ ಬರುವ ಇಂಗ್ಲಿಷ್ ಓದಿ ನನಗೆ ಹೇಳುತ್ತ ಹೋದಳು. ಅವರು ತಾನು ಒಮಾನಿನಲ್ಲಿದ್ದಾಗ ಬಂದ ಆ ಚಂಡಮಾರುತದ ಮಾತೆತ್ತಿದರು. ಮಳೆ ಹಿಡಿದ ದಿನ ತಾನು ದುಕ್ಮಿನ ಸೈಟಿನಲ್ಲಿಯೇ ಇದ್ದೆ ಎಂದರು. ವಾದಿಯ, ಅಂದರೆ ಮಳೆಗೆ ಉಕ್ಕುವ ಒಣಹಳ್ಳದ, ತಗ್ಗಿನಲ್ಲಿದ್ದ ಕ್ಯಾಂಪಿನಲ್ಲಿ ಕೆಲಸಗಾರರು ಇನ್ನೂ ಇದ್ದಾರೆಂದು ಗೊತ್ತಿದ್ದೂ ಮೊದಲ ಗಾಡಿ ಹತ್ತಿ ಹೊರಟೆ ಎಂದರು. ಶೆಟ್ಟಿಸಾನ್, ಅಂದರೆ ಶೆಟ್ಟಿಯವರು, ಎಂಬ ಒಬ್ಬ ಭಾರತೀಯ ಯಾರ ಅಪ್ಪಣೆಯನ್ನೂ ಕೇಳದೆ ಸ್ಟಾಫ್ ಬಸ್ಸು ತೆಗೆದುಕೊಂಡು ಹೋಗಿ ಅವರನ್ನು ಉಳಿಸಿದ, ಬಸ್ಸು ಹಾಳಾಯಿತೆಂದು ಅವನನ್ನು ಶಿಕ್ಷಿಸುವ ಕಾಗದಕ್ಕೆ ತಾನು ಮಸ್ಕತ್ತಿನ ಹೋಟೆಲಿನಲ್ಲಿ ಕೂತು ಸಹಿ ಹಾಕಿದೆ, ಅವನ ಮುಖವನ್ನೂ ನೋಡಿಲ್ಲ, ಪೂರ್ತಿ ಹೆಸರೂ ನೆನಪಿಲ್ಲ, ನೋಡಿ ಕ್ಷಮೆ ಕೇಳದೆ ತನಗೆ ಸಮಾಧಾನವಿಲ್ಲ ಎಂದರು. ಅವರೂ ರಾಜಕಾರಣಿಯೇ, ಪಶ್ಚಾತ್ತಾಪಕ್ಕೂ ವೋಟು ಬೀಳುತ್ತದೆ ಎಂದು ತಿಳಿಯದವರಲ್ಲ. ಆದರೂ ಯಾರೂ ಕೇಳದಿರುವಾಗ ಅವರು ಹೇಳಿದರು.

ನಿಶ್ಮಿತಾ ಫೋನು ಕೆಳಗಿಟ್ಟು, "ಅಮ್ಮ, ದಟ್ಸ್ ಅವರ್ ಸುಮಿತ್ ಮಾಮ" ಎಂದಳು. ನಾವಿಬ್ಬರೂ ತಬ್ಬಿಕೊಂಡು ಅತ್ತೆವು.

ನೀವು ಮರೆತಂತೆ ಕಾಣುವುದರಿಂದ ಬರೆಯುತ್ತೇನೆ. ಬಸ್ಸು ಓಡಿಸಿದವನು ನನ್ನ ತಮ್ಮ ಸುಮಿತ್ ಶೆಟ್ಟಿ. ನೀವೇ ಅವನನ್ನು ಊರಿಂದ ಕರೆಸಿ ಪಿಕಪ್ ಓಡಿಸುವ ಕೆಲಸಕ್ಕೆ ಹಾಕಿದ್ದಿರಿ, ಬಸ್ಸಿನ ಲೈಸೆನ್ಸ್ ಕೂಡ ಅವನಿಗಿರಲಿಲ್ಲ. ಕೀ ನಿಮ್ಮ ಆಫೀಸಿನ ಗೋಡೆಯಲ್ಲಿ ನೇತಾಡುತ್ತಿತ್ತು. ಹೋಗಬೇಡ, ಇಬ್ಬರ ಕೆಲಸವೂ ಖಲಾಸ್ ಆಗುತ್ತದೆ ಎಂದು ನೀವು ತಡೆದಿರಿ. ಅವನು ಕೀ ತೆಗೆದುಕೊಂಡು ಹೋದ. ಎರಡು ಸಲ ಜನರನ್ನು ತುಂಬಿ ತಂದ. ಮೂರನೆಯ ಸಲ ವಾದಿಯಲ್ಲಿ ಬಸ್ಸು ನಿಂತುಹೋಗಿ, ಉಳಿದವರನ್ನು ಒಬ್ಬೊಬ್ಬರಾಗಿ ಮೇಲಕ್ಕೆ ಹತ್ತಿಸಿ, ನೀರು ಇಳಿಯುವ ತನಕ ಅವರ ಜೊತೆ ಬಸ್ಸಿನ ನೆತ್ತಿಯಲ್ಲಿ ಕೂತಿದ್ದ. ಒಂದು ಜೀವವೂ ಹೋಗಲಿಲ್ಲ.

ವಿಚಾರಣೆಗೆ ಬಂದವರಿಗೆ ನೀವು, ಕೀ ನಾನು ಕೊಟ್ಟಿಲ್ಲ, ಅವನು ಬಸ್ಸು ತೆಗೆದದ್ದು ನನಗೆ ಗೊತ್ತೇ ಇಲ್ಲ ಎಂದಿರಿ. ನಾನು ನಿಮ್ಮ ಜೊತೆ ಜಗಳಕ್ಕೆ ನಿಂತಾಗ ನನ್ನ ಬಾಯಿ ಮುಚ್ಚಿಸಿದವನು ಸುಮಿತನೇ. ಒಬ್ಬನ ಕೆಲಸ ಹೋದರೆ ಸಾಕಕ್ಕ, ಭಾವನದ್ದೂ ಹೋದರೆ ಮಗು ಕಟ್ಟಿಕೊಂಡು ನೀವೆಲ್ಲ ಎಲ್ಲಿಗೆ ಹೋಗುತ್ತೀರಿ ಎಂದ. ಮತ್ತೆ ಒಮಾನಿಗೆ ಕಾಲಿಡಬಾರದು ಎಂಬ ಠಸ್ಸೆ ಹೊಡೆಸಿಕೊಂಡು ಊರಿಗೆ ಹೋದ. ಊರಿನಲ್ಲಿ ಅವನು ಕುಡಿದು ಕಂಪನಿ ಬಸ್ಸನ್ನು ನೀರಿಗೆ ಹಾಕಿದ ಎಂದಾಯಿತು, ಕದ್ದು ಮಾರಲು ಹೊರಟಿದ್ದ ಎಂದೂ ಆಯಿತು. ಪಡುಬಿದ್ರಿಯಲ್ಲಿ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಆಮೇಲೆ ಅವನು ಮದುವೆಯ ಸುದ್ದಿ ಎತ್ತಲು ಬಿಡಲಿಲ್ಲ. ಕಿನ್ನಿಗೋಳಿಯಲ್ಲಿ ಶಾಲೆ ಮಕ್ಕಳ ವ್ಯಾನು ಓಡಿಸುತ್ತ ಇದ್ದುಬಿಟ್ಟ. ನಿಷೇಧ ಮುಗಿದು ಎಷ್ಟೋ ವರ್ಷವಾದರೂ, ಇಲ್ಲಿಗೆ ಬಾ ಎಂದರೆ ಒಲ್ಲೆ ಎನ್ನುತ್ತಿದ್ದ.

ಇದನ್ನೆಲ್ಲ ನಾನು ನುಂಗಿಕೊಂಡೆ. ಹೆದರಿಕೆ ಎನ್ನುವುದು ಮನುಷ್ಯನಿಗೆ ಇರುವಂಥದ್ದೇ, ನನ್ನ ಗಂಡ ಹೆದರಿದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನವಾದರೂ ಎತ್ತಿ ಆಡಿದೆನಾ? ನೀವೇ ಹೇಳಿ.

ಡಿಸೆಂಬರಿನಲ್ಲಿ ನೀವು ಫೋನು ಮಾಡಿ, ಶಿರಾಗಾಕಿಯವರು ದುಕ್ಮಿಗೆ ಬರುವವರಿದ್ದಾರೆ, ಅವರ ಕಡೆಯವರು ಬಸ್ಸಿನ ಶೆಟ್ಟಿಯನ್ನು ಹುಡುಕುತ್ತ ನನ್ನ ಹತ್ತಿರ ಬಂದಿದ್ದರು ಎಂದಿರಿ. ನಾನು ಕೇಳಿದ ಮೊದಲ ಮಾತು ನೆನಪುಂಟಾ? ಸುಮಿತನ ನಂಬರ್ ಕೊಟ್ಟಿರಾ ಎಂದು ಕೇಳಿದೆ. "ಕೊಟ್ಟಾಯ್ತು ಮಾರಾಯ್ತಿ, ಇನ್ನು ಅವರುಂಟು ಅವನುಂಟು" ಎಂದಿರಿ.

ನಿಮ್ಮ ಆ ಮಾತು ನಂಬಿ ನಾನು ನನ್ನ ತಮ್ಮನಿಗೆ ಫೋನು ಮಾಡಿದೆ. ನೋಡಿ, ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಇಲ್ಲಿ. ನಾನೇ ನನ್ನ ಬಾಯಾರೆ ಹೇಳಿದೆ, ನಿನ್ನನ್ನು ಕರೆಯುತ್ತಾರೆ, ಒಂದು ಒಳ್ಳೆಯ ಶರ್ಟು ಹೊಲಿಸಿಕೋ ಎಂದು. ಮೊದಲು ಅವನು ನಂಬಲಿಲ್ಲ. ಆಮೇಲೆ ಶರ್ಟು ಹೊಲಿಸಿದ. ವ್ಯಾನು ಓಡಿಸುವಾಗ ಕಿಸೆಯಲ್ಲಿಡುತ್ತಿದ್ದ ಫೋನನ್ನು ಸ್ಟೇರಿಂಗ್ ಎದುರಿಗೇ ಇಡತೊಡಗಿದ. ನಿಶ್ಮಿತಾಳಿಗೆ ಫೋನು ಮಾಡಿ, ಜಪಾನೀ ಭಾಷೆಯಲ್ಲಿ ಧನ್ಯವಾದ ಹೇಳುವುದು ಹೇಗೆ, ಅದರ ಜೊತೆಗೆ ಎಷ್ಟು ಬಗ್ಗಬೇಕು ಎಂದು ಕೇಳಿದ. ಅವಳು ವಿಡಿಯೋ ಕಾಲ್‌ನಲ್ಲಿ ಬಗ್ಗಿ ತೋರಿಸಿದಳು, ಅವನು ಅಂಗಳದಲ್ಲಿ ನಿಂತು ಬಗ್ಗಿದ, ಇಬ್ಬರೂ ನಕ್ಕೂ ನಕ್ಕೂ ಸುಸ್ತಾದರು. ಅಷ್ಟು ನಗುವುದನ್ನು ನಾನು ಅವನಲ್ಲಿ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಅವನು ಒಂದು ಫೋನಿಗೆ ಕಾದ. ಆ ಫೋನು ಬರುವುದಿಲ್ಲ ಎಂದು ನಿಮಗೆ ಗೊತ್ತಿತ್ತು, ನೀವು ಸುಮ್ಮನಿದ್ದಿರಿ.

ಕಳೆದ ತಿಂಗಳ ಕೊನೆಯಲ್ಲಿ ನಾನು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿರುವಾಗ ನಝೀರಾ ವಿಡಿಯೋ ಕಳಿಸಿದಳು, ನಿಮ್ಮ ಯಜಮಾನರು ಟಿವಿಯಲ್ಲಿ ಬಂದಿದ್ದಾರೆ ಎಂದು. ನೋಡಿದೆ. ದೊಡ್ಡ ಸಭಾಂಗಣ, ಎರಡು ದೇಶದ ಬಾವುಟ. ಶಿರಾಗಾಕಿಯವರು ವೇದಿಕೆಯಿಂದ ಇಳಿದು ಬಂದರು. ಕೂದಲು ಬೆಳ್ಳಗಾಗಿದೆ, ಪಾಪ. ನಿಮ್ಮೆದುರು ನಿಂತು, ಕೈ ಎರಡನ್ನೂ ತೊಡೆಗೆ ಒತ್ತಿ, ಸೊಂಟದಿಂದ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಸಭೆಗೆ ಸಭೆಯೇ ಎದ್ದು ನಿಂತಿತು. ಆಗ ನೀವು ಅವರ ಭುಜ ಹಿಡಿದು ಮೇಲೆತ್ತಿ, ಹಿರಿಯರು ಕಿರಿಯರಿಗೆ ಹೇಳುವ ಹಾಗೆ ತಲೆಯಾಡಿಸಿದಿರಿ. ಹೋಗಲಿ ಬಿಡಿ ಎಂದು.

ಕ್ಷಮಿಸಿದಿರಿ. ಆ ಕ್ಷಮೆ ನಿಮ್ಮದಲ್ಲವಲ್ಲ. ಅದನ್ನು ಕೊಡುವುದೋ ಬಿಡುವುದೋ ಸುಮಿತನಿಗೆ ಬಿಟ್ಟದ್ದು. ಅವನ ಹೆಸರಿನಲ್ಲಿ ನೀವು ಉದಾರಿಯಾದಿರಿ.

ನಮ್ಮ ನರ್ಸ್ ಪ್ರೆಸಿಲ್ಲಾ ಮಧ್ಯಾಹ್ನದೊಳಗೆ ಕೇಕು ತರಿಸಿದಳು. ಮೇಲೆ ನಿಮ್ಮ ಹೆಸರು, ಕೊಗ್ಗ ಶೆಟ್ಟಿ, ಕೆಂಪು ಕ್ರೀಮಿನಲ್ಲಿ. ಡಾಕ್ಟರು, ರೋಗಿಗಳು ಎಲ್ಲ ಸುತ್ತ ನಿಂತು ಚಪ್ಪಾಳೆ ಹೊಡೆದರು. ನಾನು ಕತ್ತರಿಸಿದೆ. ಎಲ್ಲರಿಗೂ ಹಂಚಿದೆ. ಇಷ್ಟು ವರ್ಷ ಅಪ್ಪನ ಧೈರ್ಯದ ಬಗ್ಗೆ ನೀನು ಹೇಳಿಯೇ ಇಲ್ಲವಲ್ಲ ಎಂದು ಪ್ರೆಸಿಲ್ಲಾ ನಿಶ್ಮಿತಾಳನ್ನು ಫೋನಿನಲ್ಲಿ ಛೇಡಿಸಿದಳಂತೆ. ಮಗಳು ಆ ದಿನದಿಂದ ನಿಮ್ಮ ಹೆಸರು ಎತ್ತಿದರೆ ಎದ್ದು ಹೋಗುತ್ತಾಳೆ.

ರಾತ್ರಿ ನಾನು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ, ಆಮೇಲೆ ಹಾಗೆ ಹೇಳಲಿಲ್ಲ ಎನ್ನಬಾರದು. ಅವರು ಬಂದು ಕ್ಯಾಂಪಿನ ಶೆಟ್ಟಿ ನೀವೇನಾ ಎಂದು ಕೇಳಿದರಂತೆ, ಹೌದು ಎಂದಿರಂತೆ, ಅದು ಸುಳ್ಳಲ್ಲವಂತೆ. ಅವರಿಗೆ ಎಲ್ಲ ಶೆಟ್ಟಿಗಳೂ ಶೆಟ್ಟಿಸಾನೇ ಅಂತೆ. ಕಡೆಗೆ, "ಯಾವ ಶೆಟ್ಟಿಯಾದ್ರೆ ಎಂತ ಈಗ? ಮರ್ಯಾದೆ ನಮ್ಮ ಮನೆಗೇ ಬಂತಲ್ಲ" ಎಂದಿರಿ.

ಹೌದು ಎಂದದ್ದು ಒಂದು ಮಾತು, ಒಪ್ಪಿದೆ. ಆಮೇಲೆ ಆ ಪತ್ರಿಕೆಯವರಿಗೆ ಕೊಟ್ಟ ಸಂದರ್ಶನ ಯಾರು ಕೊಟ್ಟದ್ದು? ನೀರು ಎಷ್ಟು ತಣ್ಣಗಿತ್ತು ಎಂದು ವರ್ಣಿಸಿದ್ದೀರಿ. ಬಸ್ಸಿನ ಮೇಲೆ ಕೂತ ಬಂಗಾಳಿಗಳು ಅಲ್ಲಾಹನನ್ನು ಕರೆಯುತ್ತಿದ್ದರು, ನಾನು ಮನಸ್ಸಿನಲ್ಲಿಯೇ ಊರಿನ ದೈವವನ್ನು ನೆನೆದೆ ಎಂದಿದ್ದೀರಿ. ಅದು ಸುಮಿತ್ ನಮ್ಮ ಅಡುಗೆಮನೆಯಲ್ಲಿ ಕೂತು, ಊರಿಗೆ ಹೋಗುವ ಹಿಂದಿನ ದಿನ ಹೇಳಿದ ಮಾತು. ನೀವು ಬಾಗಿಲಿಗೆ ಒರಗಿ ಕೇಳುತ್ತಿದ್ದಿರಿ. ಆ ನೀರು ನಿಮ್ಮ ಹಿಮ್ಮಡಿಯನ್ನೂ ಮುಟ್ಟಿಲ್ಲ.

ಇನ್ನು ಮನೆಯ ಮಾತು. ನೀವು ಬಂಟರ ಮನೆಯಲ್ಲಿ ಹುಟ್ಟಿದವರು, ನಾನು ಹೇಳಿಕೊಡಬೇಕಾಗಿಲ್ಲ. ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ನನ್ನ ಬಳಿ, ಸುಮಿತನ ಬಳಿ, ನಿಶ್ಮಿತಾಳ ಬಳಿ ಒಂದು, ನಿಮ್ಮದು ಬೇರೆ. ನಾಳೆ ಅವಳ ಮದುವೆಯಲ್ಲಿ ಸೋದರಮಾವ ಎಂದು ಕರೆದರೆ ಮುಂದೆ ಬರಬೇಕಾದವನು ಅವನು. ಮರ್ಯಾದೆ ನಮ್ಮ ಮನೆಗೆ ಬರಬೇಕಿತ್ತು, ಬಂದು ಬಾಗಿಲು ತಟ್ಟುವಾಗ ನೀವು ಅಡ್ಡ ನಿಂತು ತೆಗೆದುಕೊಂಡಿರಿ. ಶಿರಾಗಾಕಿಯವರು ಹೆಂಡತಿಯ ಮನೆ ಹೆಸರು ತೆಗೆದುಕೊಂಡರು ಎಂದು ನಕ್ಕೆವಲ್ಲ, ಅವರು ಕೇಳಿ, ಎಲ್ಲರ ಎದುರು ತೆಗೆದುಕೊಂಡರು. ನೀವು ಹೆಂಡತಿಯ ತಮ್ಮನಿಂದ ಕೇಳದೆ ತೆಗೆದಿರಿ.

ಏಪ್ರಿಲಿನಲ್ಲಿ ನಿಮ್ಮನ್ನು ಅವರ ಊರಿಗೆ ಕರೆದಿದ್ದಾರೆ ಎಂಬ ಸುದ್ದಿಯೂ ನನಗೆ ನಿಮ್ಮಿಂದ ಬರಲಿಲ್ಲ, ಪೇಪರಿನಿಂದ ಬಂತು. ಅವರ ತಾಯಿ ಬೊಂಡಾಸು ಕೊಯ್ದ ಬಂದರಿನಲ್ಲಿ ಸಭೆಯಂತೆ, ಅವರ ಜೀವನಚರಿತ್ರೆ ಬಿಡುಗಡೆಯಂತೆ, ಅದರಲ್ಲಿ ಶೆಟ್ಟಿಸಾನ್‌ಗೆ ಒಂದು ಅಧ್ಯಾಯವಂತೆ. ಒಮ್ಮೆ ಅದು ಅಚ್ಚಾಗಿ ಬಂದರೆ ನನ್ನ ತಮ್ಮ ಬಸ್ಸು ಹಾಳುಮಾಡಿದ ಡ್ರೈವರ್ ಆಗಿಯೇ ಸಾಯುತ್ತಾನೆ.

ಆದ್ದರಿಂದ ನನ್ನದೊಂದೇ ಮಾತು. ಅದು ಅಚ್ಚಿಗೆ ಹೋಗುವ ಮೊದಲು ನೀವೇ ಅವರ ಕಡೆಯವರಿಗೆ ಹೇಳಬೇಕು, ಬಸ್ಸಿನ ಶೆಟ್ಟಿ ನಾನಲ್ಲ, ಸುಮಿತ್ ಶೆಟ್ಟಿ ಎಂದು. ನಿಶ್ಮಿತಾ ಇಂಗ್ಲಿಷಿನಲ್ಲಿ ಬರೆದು ಕಳಿಸಲು ಕೂತಿದ್ದಳು, ನಾನೇ ತಡೆದೆ. ನಮ್ಮಿಂದ ಹೋದರೆ ಅದು ನಿಮ್ಮ ಮೇಲೆ ದೂರಾಗುತ್ತದೆ. ನಿಮ್ಮಿಂದ ಹೋದರೆ ನೀವು ಮಗಳಿಗೆ ಹೇಳಿಕೊಟ್ಟ ಪಾಠಕ್ಕೆ ಒಂದು ಬೆಲೆ ಉಳಿಯುತ್ತದೆ. ಹೇಳದೆ ಏಪ್ರಿಲಿನಲ್ಲಿ ವಿಮಾನ ಹತ್ತಿದಿರೋ, ಇಳಿದಮೇಲೆ ಈ ಮನೆಗೆ ಬರಬೇಡಿ. ಇದು ಸಿಟ್ಟಿನಲ್ಲಿ ಬರೆದದ್ದಲ್ಲ. ಸಿಟ್ಟು ಹೋದ ವಾರವೇ ಮುಗಿಯಿತು, ಈಗ ಇರುವುದು ಬರೀ ನೋವು, ಮತ್ತು ನಿಮ್ಮ ಮೇಲೆ ಇಷ್ಟು ವರ್ಷ ಇಟ್ಟ ನಂಬಿಕೆಯ ಬಗ್ಗೆ ನಾಚಿಕೆ.

ಇಂತಿ,
ಸುಮಿತನ ಅಕ್ಕ
ದಮಯಂತಿ

ತಾ.ಕ.: ಒಂದು ವಿಷಯ ಬೇಕೆಂದೇ ಮುಚ್ಚಿಟ್ಟಿದ್ದೆ. ಸುಮಿತ್ ಬಂದಿದ್ದಾನೆ. ವಿಸಿಟ್ ವೀಸಾ ಮಾಡಿಸಿದೆ, ಸೋಮವಾರ ಇಳಿದ. ನಾನು ಇದನ್ನು ಬರೆಯುವಾಗ ಆಚೆ ಕೋಣೆಯಲ್ಲಿ ಸೊಸೆ ನಿಶ್ಮಿತಾಳ ಜೊತೆ ಕೂತಿದ್ದಾನೆ. ವಿಡಿಯೋ ಅವನೂ ನೋಡಿದ್ದಾನೆ, ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ನಾಳೆ ನಝೀರಾಳ ಗಂಡ ಹಕೀಂ ಲಾರಿಯಲ್ಲಿ ತರಕಾರಿ ಹೇರಿಕೊಂಡು ದುಕ್ಮಿಗೆ ಬರುವಾಗ ಅದರಲ್ಲಿ ಹೋಗುತ್ತೇನೆ ಎಂದು ಹಟ ಹಿಡಿದ. ಯಾಕೆ ಎಂದದ್ದಕ್ಕೆ, "ಭಾವನ ಬಾಯಿಂದಲೇ ಒಂದು ಸಲ ಕೇಳ್ಬೇಕಕ್ಕ, ಮತ್ತೆ ನಂಗೆ ಎಂತ ಬೇಡ" ಎಂದ. ಈ ಕಾಗದವನ್ನು ಅಂಟಿಸಿ ಅವನ ಕೈಯಲ್ಲಿಯೇ ಕೊಟ್ಟು ಕಳಿಸುತ್ತಿದ್ದೇನೆ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಅಂದರೆ ನೀವು ಇದನ್ನು ಓದುತ್ತಿರುವಾಗ ಅವನು ನಿಮ್ಮ ಎದುರಿಗೇ ನಿಂತಿದ್ದಾನೆ. ಅವನ ಬುದ್ಧಿ ನನಗೆ ಗೊತ್ತು. ಕಾಗದ ಕೊಡುವ ಮೊದಲೇ, ದೊಡ್ಡವರು ಎಂದು, ಬಗ್ಗಿ ನಿಮ್ಮ ಕಾಲು ಮುಟ್ಟಿರುತ್ತಾನೆ. ಅದನ್ನೂ ನೀವು ತೆಗೆದುಕೊಂಡಾಯಿತು. ಈಗ ತಲೆ ಎತ್ತಿ ಅವನ ಮುಖ ನೋಡಿ.